ಸೆನ್ಸರ್‌ಗೊಂದು ಸ್ನಾನ

ಕಾರಲ್ಲಿ ಇಎಸ್‌ಪಿ (ಗಾಡಿ ಜಾರದ ಹಾಗೆ ಹಿಡಿಯೋ ವ್ಯವಸ್ಥೆ) ಲೈಟ್ ಹತ್ಕೊಂಡಿತ್ತು. "ಸ್ಟೇರಿಂಗ್ ಆ್ಯಂಗಲ್ ಸೆನ್ಸರ್ ಹೋಗಿದೆ, ಹೊಸದೇ ಹಾಕ್ಬೇಕು" ಅಂದ್ರು ಒಂದು ಕಡೆ. ರೇಟು ಕೇಳಿ ಗಾಡಿ ತಿರುಗಿಸ್ಕೊಂಡು ಶಿರಾ ಗೇಟ್ ಹತ್ರ ನಮ್ಮ ಹಳೇ ಎಲೆಕ್ಟ್ರಿಷಿಯನ್ ಹತ್ರ ಹೋದೆ.

"ತಡೀರಿ ಸಾರ್, ಬಿಚ್ಚಿ ನೋಡೋಣ." ಬ್ಯಾಟರಿ ನೆಗೆಟಿವ್ ತೆಗೆದು ಮೊದಲು ಟೀ ಕುಡಿಸಿದ್ರು. ಸ್ಟೇರಿಂಗಲ್ಲೇ ಇರೋ ಏರ್‌ಬ್ಯಾಗ್‌ನ ಸರ್ಕ್ಯೂಟಲ್ಲಿ ಉಳಿದಿರೋ ಕರೆಂಟ್ ಇಳಿಯೋವರೆಗೂ ಅಲ್ಲಿಗೆ ಕೈ ಹಾಕಬಾರದು. ಆಮೇಲೆ ಸ್ಟೇರಿಂಗ್ ವೀಲ್ ಕಳಚಿದ್ರೆ, ಒಳಗೆ ಸಣ್ಣ ಸಣ್ಣ ಸೀಳಿರೋ ಬಿಲ್ಲೆ. ಅದರ ಒಂದು ಪಕ್ಕ ಎಲ್‌ಇಡಿ, ಇನ್ನೊಂದು ಪಕ್ಕ ಬೆಳಕು ಹಿಡಿಯೋ ಕಣ್ಣು. ಸೀಳು ದಾಟಿ ಬರೋ ಬೆಳಕಿನ ಮೇಲೆ ಸ್ಟೇರಿಂಗ್ ಎಷ್ಟು ತಿರುಗಿತು ಅನ್ನೋ ಲೆಕ್ಕ. ಆ ಸೀಳುಗಳ ತುಂಬ ನಮ್ಮ ತುಮಕೂರು ಧೂಳು, ಗ್ರೀಸ್ ಜೊತೆ ಸೇರಿ ಮೇಣದ ಹಾಗೆ ಕಚ್ಕೊಂಡಿತ್ತು!

ಐಸೊಪ್ರೊಪೈಲ್ ಆಲ್ಕೋಹಾಲ್, ಮೆತ್ತನೆ ಬ್ರಷ್, ಅಷ್ಟೇ. ವೀಲ್ ನೇರ ಇಟ್ಟು ಸ್ಕ್ಯಾನರಲ್ಲಿ ಝೀರೋ ಸೆಟ್ ಮಾಡಿದ್ರು. ಇಎಸ್‌ಪಿ ಲೈಟ್ ಮಾಯ.

ಎಲ್ಲಾ ಸೆನ್ಸರೂ ಹೀಗೆ ಬದುಕಲ್ಲ ಬಿಡಿ, ಬೋರ್ಡೇ ಸುಟ್ಟಿದ್ರೆ ಬದಲಾಯಿಸ್ಲೇಬೇಕು. ಆದ್ರೆ ಬಿಚ್ಚಿ ನೋಡೋ ತಾಳ್ಮೆ ಇರೋರು ಈಗ ಎಷ್ಟು ಜನ? ಇವರ ಮಗನೂ ಗ್ರೀಸ್ ಸಹವಾಸ ಬೇಡ ಅಂತ ವಸಂತನರಸಾಪುರದ ಫ್ಯಾಕ್ಟರಿ ಸೇರ್ಕೊಂಡನಂತೆ.