ನಾಲ್ಕು ಗಂಟೆಯ ಬಿಸ್ಕತ್ತು

ಅಕ್ಟೋಬರ್ 14, 2025, ಮಂಗಳವಾರ
ಮೈಸೂರು

ನಮ್ಮ ನಾಯಿ ಗುಂಡ ಮತ್ತೆ ಮುಂಗಾಲು ನೆಕ್ಕಲು ಶುರು ಮಾಡಿದ್ದಾನೆ. ಬೆರಳ ಸಂದಿಯ ಬಿಳಿ ಕೂದಲೆಲ್ಲ ಎಂಜಲಿಗೆ ಕಂದು ಬಣ್ಣ ತಿರುಗಿದೆ. ಕಿವಿ ಮಡಚಿ ನೋಡಿದೆ. ಒಳಗೆ ಕೆಂಪು, ಮತ್ತೆ ಅದೇ ಮುಗ್ಗಲು ವಾಸನೆ. ದಸರಾ ಹೊತ್ತಿಗೆ ಇದೆಲ್ಲ ಎಷ್ಟೋ ತಗ್ಗಿತ್ತು. ಎದೆ ಧಸಕ್ಕೆಂದಿತು.

"ಅತ್ತೆ, ಇವನಿಗೆ ಏನಾದ್ರೂ ಕೊಟ್ರಾ?"

ಅತ್ತೆ ಲೋಟ ತೊಳೆಯುತ್ತಲೇ ಇದ್ದರು. ಆಮೇಲೆ, "ಅರ್ಧ ಮಾರಿ ಬಿಸ್ಕತ್ತು ಕಣಮ್ಮ. ಅರ್ಧವೇ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಮೊನ್ನೆಯಿಂದ" ಅಂತ ಸೇರಿಸಿದರು.

ಡಾಕ್ಟ್ರು ಹೇಳಿದ್ದನ್ನೆಲ್ಲ ಅತ್ತೆಗೆ ಮತ್ತೊಮ್ಮೆ ಹೇಳಿದೆ. ಮೊದಲು ಚಿಗಟ ಇದೆಯಾ ಅಂತ ನೋಡಿದ್ದು, ಬಾಲದ ಬುಡ ಬಾಚಿ ಉದುರಿದ ಕರಿ ಪುಡಿಯನ್ನು ಒದ್ದೆ ಹತ್ತಿಯ ಮೇಲೆ ಹಾಕಿದ್ದು. ಚಿಗಟದ ಹಿಕ್ಕೆಯಾಗಿದ್ದರೆ ಅದರಲ್ಲಿರುವ ರಕ್ತ ಕೆಂಪಗೆ ಹರಡುತ್ತದೆ. ಇವನದು ಬರೀ ಮಣ್ಣು. ಚರ್ಮ ಕೆರೆದು ಮೈಕ್ರೋಸ್ಕೋಪಿನಡಿ ಇಟ್ಟರೆ ಕಜ್ಜಿ ಹುಳವೂ ಸಿಗಲಿಲ್ಲ. ಮಳೆಗಾಲ, ಬೇಸಿಗೆ ಅನ್ನದೆ ವರ್ಷವಿಡೀ ತುರಿಕೆ, ವಾಸಿಯಾದ ಕಿವಿ ಮತ್ತೆ ಮತ್ತೆ ಸೋರುವುದು. ಹಾಗಾಗಿ ಊಟದ ಮೇಲೆ ಅನುಮಾನ. ರಕ್ತ ಪರೀಕ್ಷೆ ಮಾಡಿಸಿಬಿಡೋಣ ಅಂದರೆ ಊಟದ ಅಲರ್ಜಿಗೆ ಅದನ್ನು ನಂಬುವ ಹಾಗಿಲ್ಲವಂತೆ. ಇರುವ ದಾರಿ ಒಂದೇ: ಕನಿಷ್ಠ 8 ವಾರ, ಇವನು ಹುಟ್ಟಿದಾಗಿನಿಂದ ತಿನ್ನದೇ ಇರುವುದನ್ನು ಮಾತ್ರ ಹಾಕಿ ನೋಡುವುದು.

ಚಿಕನ್, ಮೊಟ್ಟೆ, ಮೊಸರನ್ನ, ಚಪಾತಿ ಎಲ್ಲ ತಿಂದು ಬೆಳೆದವನು. ಅದಕ್ಕೇ ಈಗ ಕಾಟ್ಲಾ ಮೀನು, ಬೇಯಿಸಿದ ಗೆಣಸು. ಕಾಟ್ಲಾದಲ್ಲಿ ಮಾಂಸದೊಳಗೆಲ್ಲ ಕೂದಲಿನಂಥ ಮುಳ್ಳು. ತಟ್ಟೆ ದೀಪದ ಕೆಳಗಿಟ್ಟುಕೊಂಡು ಬೆರಳಲ್ಲಿ ಹಿಸುಕಿ ಹಿಸುಕಿ ಬಿಡಿಸಬೇಕು. ಉಣ್ಣೆ ಹುಳಕ್ಕೆ ಕೊಡುತ್ತಿದ್ದ ಜಗಿಯುವ ಮಾತ್ರೆಯಲ್ಲೂ ಮಾಂಸದ ರುಚಿ ಸೇರಿಸಿರುತ್ತಾರೆಂದು ಅದನ್ನೂ ನಿಲ್ಲಿಸಿ, ಕತ್ತಿನ ಹಿಂದೆ ಬಿಡುವ ಹನಿ ಬರೆದುಕೊಟ್ಟಿದ್ದಾರೆ. ಅಷ್ಟು ಬಿಗಿ. ಬಿಸ್ಕತ್ತಿನಲ್ಲಿ ಗೋಧಿಯೂ ಇದೆ, ಹಾಲೂ ಇದೆ. ಎರಡೂ ಅನುಮಾನದ ಪಟ್ಟಿಯಲ್ಲಿರುವಂಥವೇ.

ಅತ್ತೆ ಎಲ್ಲ ಕೇಳಿಸಿಕೊಂಡರು. "ನಿಮ್ಮ ಮಾವ ಹೋದ ಮೇಲೆ ನಾಲ್ಕು ಗಂಟೆ ಕಾಫಿಗೆ ನನ್ನ ಜೊತೆ ಕೂರೋನು ಇವನೊಬ್ಬನೇ ಕಣಮ್ಮ. ಮುಖ ನೋಡ್ತಾ ಕೂತಿರ್ತಾನೆ. ನಾನೊಬ್ಬಳೇ ಹೇಗೆ ತಿನ್ನಲಿ?"

ನನಗೆ ಮಾತೇ ಬರಲಿಲ್ಲ. ಗೆಣಸನ್ನು ಬಿಲ್ಲೆ ಬಿಲ್ಲೆಯಾಗಿ ಹೆಚ್ಚಿ, ಎಣ್ಣೆ ಹಾಕದೆ ಕಾವಲಿಯ ಮೇಲೆ ಸಣ್ಣ ಉರಿಯಲ್ಲಿ ಒಣಗಿಸಿ, ಆರಿದ ಮೇಲೆ ಬಿಸ್ಕತ್ತಿನ ಪಕ್ಕದಲ್ಲೇ ಬೇರೆ ಡಬ್ಬದಲ್ಲಿ ಇಟ್ಟೆ. "ನಾಳೆಯಿಂದ ನಿಮಗದು, ಅವನಿಗಿದು" ಅಂದೆ. ಅತ್ತೆ ಒಂದನ್ನು ಬಾಯಿಗೆ ಹಾಕಿಕೊಂಡು, "ಪರವಾಗಿಲ್ಲ, ಸಿಹಿಯಾಗಿದೆ" ಅಂದರು.



ಸಂಜೆ ಆಟೋ ಸ್ಟ್ಯಾಂಡ್ ಹತ್ತಿರದ ಕೆಂದ ನಾಯಿಯನ್ನು ನೋಡಿ ಮೈ ಉರಿದುಹೋಯಿತು. ಕಜ್ಜಿಗೆ ಒಳ್ಳೆಯದು ಅಂತ ಯಾರೋ ಅದರ ಬೆನ್ನಿಗೆ ಗಾಡಿಯ ಹಳೇ ಆಯಿಲ್ ಸುರಿದಿದ್ದಾರೆ. ಸುರಿದವರಿಗೂ ಕನಿಕರವೇ ಇದ್ದಿರಬಹುದು. ಆದರೆ ನಾಯಿ ಅದನ್ನು ನೆಕ್ಕದೆ ಬಿಡುತ್ತದಾ? ಹೊಟ್ಟೆಗೆ ಹೋದರೆ ವಿಷ, ಮೊದಲೇ ಹುಣ್ಣಾದ ಚರ್ಮಕ್ಕೆ ಇನ್ನಷ್ಟು ಉರಿ. ಕಜ್ಜಿ ಹುಳಕ್ಕೆ ಈಗ ಒಳ್ಳೊಳ್ಳೆ ಮಾತ್ರೆಗಳಿವೆ, ಅನ್ನದಲ್ಲಿ ಕಲಸಿ ಹಾಕಿದರೆ ಆಯಿತು. ದಿನಾ ಅನ್ನ ಹಾಕುವ ಆಂಟಿ ಜೊತೆ ನಾಳೆ ಬೆಳಿಗ್ಗೆಯೇ ಅದನ್ನು ಹಿಡಿದು ತೊಳೆಸಿ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕು. ಆಟೋದವರ ಜೊತೆಯೂ ಕೂತು ಮಾತಾಡಬೇಕು.

ರಾತ್ರಿ ಊಟಕ್ಕೆ ಕೂತಾಗ ಅತ್ತೆಯೇ ಮಾತು ತೆಗೆದರು. "8 ವಾರ ಆದ ಮೇಲೆ ವಾಸಿಯಾಯ್ತು ಅಂದ್ಕೋ. ಆಮೇಲೆ?"

"ಆಮೇಲೆ ಮೊದಲಿನ ಊಟ ಮತ್ತೆ ಹಾಕಿ ನೋಡ್ಬೇಕಂತೆ. ತುರಿಕೆ ತಿರುಗಿ ಬಂದ್ರೆ ಊಟದ್ದೇ ಅಂತ ಗ್ಯಾರಂಟಿ."

"ಅಯ್ಯೋ, ವಾಸಿಯಾಗಿರೋದಕ್ಕೆ ಮತ್ತೆ ಯಾಕೆ ಹಿಂಸೆ?"

ಹಾಕದಿದ್ದರೆ ಮೀನಿನಿಂದ ವಾಸಿಯಾಯಿತೋ, ಹವಾ ಬದಲಾಗಿ ತಗ್ಗಿತೋ, ವಾರಕ್ಕೊಮ್ಮೆ ಹಾಕುವ ಶಾಂಪೂವಿನಿಂದಲೋ ಗೊತ್ತಾಗುವುದಿಲ್ಲ. ಗೊತ್ತಾಗದಿದ್ದರೆ ಜೀವಮಾನವಿಡೀ ಎಲ್ಲವನ್ನೂ ಬಿಡಿಸಬೇಕಾಗುತ್ತದೆ. ಒಂದೊಂದನ್ನೇ ಬೇರೆ ಬೇರೆಯಾಗಿ ಹಾಕಿ ನೋಡಿದರೆ, ಚಿಕನ್ ಒಂದೇ ಆಗದಿರುವುದು ಅಂತ ತಿಳಿದು ಮೊಸರನ್ನವಾದರೂ ಅವನಿಗೆ ವಾಪಸ್ ಸಿಗಬಹುದು. ಇದನ್ನೆಲ್ಲ ಅತ್ತೆಗೆ ಹೇಳಿದೆನಾದರೂ, ತುರಿಸಿ ತುರಿಸಿ ಹೊಟ್ಟೆಯ ಹತ್ತಿರ ರಕ್ತ ಬರಿಸಿಕೊಂಡಿದ್ದವನಿಗೆ ನಾನೇ ಕೈಯಾರೆ ಹಾಕುವುದು ಅಂದರೆ...

"ಹಾಕೋದಾದ್ರೆ ಬಿಸ್ಕತ್ತಿಂದಲೇ ಶುರು ಮಾಡೋಣ" ಅಂತಾರೆ ಅತ್ತೆ. ಬಿಸ್ಕತ್ತಿನಲ್ಲಿ ಗೋಧಿ, ಹಾಲು ಎರಡೂ ಇರುವುದರಿಂದ ಯಾವುದು ಅಂತ ತಿಳಿಯುವುದು ಹೇಗೆ? ಡಾಕ್ಟರನ್ನು ಕೇಳಬೇಕು. ಅದಕ್ಕೂ ಮೊದಲು ಮುಂದಿನ ವಾರ ದೀಪಾವಳಿ, ಮನೆ ತುಂಬ ನೆಂಟರು, ಮಕ್ಕಳ ಕೈಯಲ್ಲೆಲ್ಲ ಕೋಡುಬಳೆ. ಗುಂಡನನ್ನು ಮಹಡಿ ಮೇಲೆ ಬಿಡೋಣ ಅಂದರೆ ಅಲ್ಲಿ ಪಟಾಕಿ ಸದ್ದು