ಅತ್ತೆ ತಿದ್ದಿದ ಒಂದು ಪದ

ನಾನು ಹುಟ್ಟಿ ಬೆಳೆದದ್ದು ತುಮಕೂರಿನ ಕಡೆಯ ಬಯಲುಸೀಮೆಯಲ್ಲಿ. ಅಲ್ಲಿ ದೆವ್ವವೆಂದರೆ ಹುಣಸೆಮರ, ಸುಡುಗಾಡು, ಮುಸ್ಸಂಜೆಯ ಹೆದರಿಕೆ. ಪಾಳುಬಿದ್ದ ಮನೆಗೆ ‘ದೆವ್ವದಂಥ ಮನೆ’, ಮಂಕಾಗಿ ಕುಳಿತವನಿಗೆ ‘ದೆವ್ವ ಬಡಿದವನ ಹಾಗೆ’ ಎನ್ನುತ್ತಾ ಆ ಪದವನ್ನು ನಾವು ಯೋಚಿಸದೆಯೇ ಆಡುತ್ತಿದ್ದೆವು.

ಮದುವೆಯಾಗಿ ಬಂಟ್ವಾಳದ ಕಡೆಗೆ ಬಂದ ಮೊದಲ ವರ್ಷ ಗಂಡನ ಕುಟುಂಬದ ಮನೆಯಲ್ಲಿ ಪಂಜುರ್ಲಿ ಎಂಬ ದೈವದ ಕೋಲ, ಅಂದರೆ ದೈವ ಮೈಮೇಲೆ ಬಂದು ಕುಣಿದು ನುಡಿ ಕೊಡುವ ಆರಾಧನೆ, ನಡೆಯಿತು. ಅಂಗಳದ ಒಂದು ಬದಿಯಲ್ಲಿ ದೈವ ಕಟ್ಟುವವರು ಮುಖಕ್ಕೆ ಅರದಾಳದ ಹಳದಿ ಬಣ್ಣ ಹಚ್ಚಿಕೊಳ್ಳುತ್ತಿದ್ದರು. ಅವರ ಮನೆಯ ಹೆಂಗಸೊಬ್ಬರು ತೆಂಬರೆ ಎಂಬ ಪುಟ್ಟ ಚರ್ಮವಾದ್ಯ ಬಡಿಯುತ್ತಾ ಪಾಡ್ದನ, ಅಂದರೆ ದೈವದ ಕಥೆಯ ಹಾಡು, ಹೇಳುತ್ತಿದ್ದರು. ಹಿಂಗಾರ, ಅಂದರೆ ಅಡಕೆಯ ಹೂಗೊಂಚಲು, ಬಿಡಿಸುತ್ತಿದ್ದ ಅತ್ತೆಯ ಪಕ್ಕ ಕುಳಿತು, “ಅತ್ತೆ, ದೆವ್ವ ಮೈಮೇಲೆ ಬರುವುದು ಎಷ್ಟು ಹೊತ್ತಿಗೆ?” ಎಂದು ಕೇಳಿದೆ. ಅವರ ಕೈ ನಿಂತಿತು. “ಹಾಗೆ ಹೇಳಬಾರದು ಮಗಾ. ದೈವ ಅಂತ ಹೇಳಬೇಕು. ಭೂತ ಅಂದರೂ ಆದೀತು, ದೆವ್ವ ಅಲ್ಲ” ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ನೋವಿತ್ತು.

ನಡುರಾತ್ರಿ ಕಳೆದ ಮೇಲೆ ಕಾಲಿಗೆ ಕಟ್ಟಿದ ಗಗ್ಗರದ ಸದ್ದಿನೊಂದಿಗೆ ದೈವ ನುಡಿ ಕೊಡತೊಡಗಿತು. ತೋಟದ ನೀರಿನ ವಿಷಯದಲ್ಲಿ ತನ್ನ ಮೇಲೆ ಸುಳ್ಳು ಅಪವಾದ ಬಂದಿದೆಯೆಂದು ನೆರೆಮನೆಯವರೊಬ್ಬರು ಕಣ್ಣೀರಿಟ್ಟು ಹೇಳಿಕೊಂಡರು. ಎರಡೂ ಕಡೆಯವರನ್ನು ಮುಂದೆ ಕರೆದು ದೈವ ವಿಚಾರಿಸಿತು. ಕೊನೆಗೆ ನನ್ನನ್ನೂ ಕರೆದು ಅಂಗೈಗೆ ಹಿಂಗಾರದ ಎಸಳು ಹಾಕಿತು. ಹೊರಗಿನಿಂದ ಬಂದ ಮಗಳನ್ನು ಕಾಯುವೆನೆಂದು ಅದು ತುಳುವಿನಲ್ಲಿ ಅಭಯ ಕೊಟ್ಟದ್ದನ್ನು ಗಂಡ ಕಿವಿಯಲ್ಲಿ ಹೇಳಿದಾಗ ನನಗೆ ಅಳು ಬಂತು.

ದೆವ್ವ ಎಂಬುದು ದೈವದ ತದ್ಭವವೆಂದು ಆಮೇಲೆ ಓದಿ ತಿಳಿದೆ: ಒಂದೇ ಪದ ನಮ್ಮ ಕಡೆ ಹೆದರಿಕೆಯಾಗಿ ಇಳಿದಿದೆ, ಕರಾವಳಿಯಲ್ಲಿ ತನ್ನ ಮಾನ ಉಳಿಸಿಕೊಂಡಿದೆ. ಭೂತ ಎಂದರೂ ಮೂಲದಲ್ಲಿ ಇರುವಂಥದ್ದು, ಆಗಿಹೋದದ್ದು ಎಂದೇ ಅರ್ಥ. ಪಂಚಭೂತ, ಭೂತದಯೆ, ಭೂತಕಾಲಗಳಲ್ಲಿ ಭಯದ ಸುಳಿವೇ ಇಲ್ಲ. ಮಂಗಳೂರಿನಲ್ಲಿ ನ್ಯಾಯಾಧೀಶರಾಗಿದ್ದ ಎ. ಸಿ. ಬರ್ನೆಲ್ ಅವರ ಸಂಗ್ರಹದ ಪಾಡ್ದನಗಳು, ಅವರು ತೀರಿಕೊಂಡ ಮೇಲೆ, 1894ರಿಂದ ‘ಇಂಡಿಯನ್ ಆಂಟಿಕ್ವೆರಿ’ ಪತ್ರಿಕೆಯಲ್ಲಿ ಪ್ರಕಟವಾದವು. ಅಷ್ಟೊಂದು ಪಾಡ್ದನಗಳು ಉಳಿದದ್ದಕ್ಕೆ ನಾವು ಋಣಿಗಳೇ. ಆದರೆ ಆ ಸಂಗ್ರಹಕ್ಕಿಟ್ಟ ಹೆಸರು ‘ದಿ ಡೆವಿಲ್ ವರ್ಶಿಪ್ ಆಫ್ ದಿ ತುಳುವಾಸ್’, ಅಂದರೆ ತುಳುವರ ಸೈತಾನಪೂಜೆ. ಡೆವಿಲ್ ಎಂಬುದರ ಬೇರು ಗ್ರೀಕಿನ ‘ದಿಯಾಬೊಲೊಸ್’, ಅಂದರೆ ಚಾಡಿಕೋರ, ಸುಳ್ಳು ಅಪವಾದ ಹೊರಿಸುವವನು. ಅಂಥ ಅಪವಾದದಿಂದ ನೊಂದವರು ನ್ಯಾಯ ಕೇಳಲು ಬರುವ ದೈವಕ್ಕೇ ಆ ಹೆಸರು ಅಂಟಿದ್ದನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ.

ಕೋಲವಾದ ಮುಂದಿನ ತಿಂಗಳು ತವರಿಗೆ ಹೋದಾಗ ಅಮ್ಮ, “ಅಲ್ಲಿ ದೆವ್ವ ಕುಣಿಸ್ತಾರಂತಲ್ಲೇ, ಹೆದರ್ಕೆ ಆಗ್ಲಿಲ್ವಾ?” ಎಂದು ಕೇಳಿದರು. “ದೈವ ಅನ್ನಬೇಕಮ್ಮ” ಎಂದು ಹೇಳಿ, ಜೋಪಾನವಾಗಿ ತಂದಿದ್ದ ಒಣಗಿದ ಎಸಳನ್ನು ಅವರ ಕೈಗಿಟ್ಟೆ. ಅವರು ಅದನ್ನು ಕಣ್ಣಿಗೊತ್ತಿಕೊಂಡು ದೇವರ ಗೂಡಿನಲ್ಲಿ ಇಟ್ಟರು.