ರೊಟ್ಟಿಯೊಳಗಿನ ಹಿಟ್ಟಿನ ಲೆಕ್ಕ ಕೊನೆಗೂ ಸಿಕ್ಕಿತು

ತಿಂದದ್ದನ್ನೆಲ್ಲ ಬರೆದಿಡುವ ನನ್ನ ಶೀಟ್ ನಂಬಿದರೆ ನಾನು ಇಷ್ಟೊತ್ತಿಗೆ ಸಣ್ಣಗಾಗಿರಬೇಕಿತ್ತು. ಬೇಕಾದ್ದಕ್ಕಿಂತ ದಿನಕ್ಕೆ 400 ಕ್ಯಾಲೊರಿ ಕಡಿಮೆ ತಿನ್ನುತ್ತಿದ್ದೇನೆ ಅಂತ ಅದು ಹೇಳುತ್ತದೆ. ಏಳು ದಿನದ ಸರಾಸರಿ ತೂಕ ಮಾತ್ರ ಜಪ್ಪಯ್ಯ ಅಂದರೂ ಕದಲುವುದಿಲ್ಲ. ಉಪ್ಪು, ನೀರು, ಗ್ಲೈಕೋಜನ್ (ದೇಹ ಕೂಡಿಟ್ಟ ಸಕ್ಕರೆ) ಅಂತ ಶುರು ಮಾಡಬೇಡಿ; ಅವು ನಾಲ್ಕು ದಿನದ ಆಟ, ಇದು ತಿಂಗಳು ದಾಟಿದ ಕಥೆ. ಜಿಮ್‌ನಲ್ಲಿ ಸ್ಕ್ವಾಟ್‌ಗೆ ಎತ್ತುವ ಭಾರ ಏರುತ್ತಲೇ ಇದೆ, ಉಣಕಲ್ ಕೆರೆ ಕಡೆಯ ಓಟದಲ್ಲೂ ಸುಸ್ತಿಲ್ಲ. ಹೊಟ್ಟೆಗೆ ಕಡಿಮೆ ಬಿದ್ದವನ ಲಕ್ಷಣ ಇದಲ್ಲ.

ಅನುಮಾನ ಹೋಗಿದ್ದು ಜೋಳದ ರೊಟ್ಟಿ ಮೇಲೆ. ಕ್ಯಾಲೊರಿ ಎಣಿಸುವ ಆ್ಯಪ್‌ನಲ್ಲಿ ರೊಟ್ಟಿ ಅಂತ ಹುಡುಕಿದರೆ ಗೋಧಿ ಫುಲ್ಕಾ ಬರುತ್ತದೆ, ಒಂದಕ್ಕೆ 110. ಅದನ್ನು ಮಾಡಿದವರು ಹುಬ್ಬಳ್ಳಿಯಲ್ಲಿ ಒಂದು ಊಟವನ್ನೂ ಮಾಡಿರಲಿಕ್ಕಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಕೋಷ್ಟಕದಲ್ಲಿ ಜೋಳಕ್ಕೆ 100 ಗ್ರಾಂಗೆ 334 ಕ್ಯಾಲೊರಿ, ಪ್ರೋಟೀನ್ ಸುಮಾರು 10 ಗ್ರಾಂ. ಸರಿ, ಆದರೆ ಒಂದು ರೊಟ್ಟಿಯಲ್ಲಿ ಹಿಟ್ಟೆಷ್ಟು?

ಬಿಸಿ ರೊಟ್ಟಿ ತೂಗಿದರೆ ಉಗಿ ಹೋದಂತೆ ತೂಕ ಕಣ್ಣೆದುರೇ ಇಳಿಯುತ್ತದೆ. ಹಿಟ್ಟಿನ ಡಬ್ಬಿ ತೂಗೋಣ ಅಂದರೆ ಬಡಿಯುವಾಗ ಉದುರಿಸುವ ಹಿಟ್ಟು ಎಷ್ಟು ರೊಟ್ಟಿಗೆ ಹತ್ತಿತು, ಎಷ್ಟು ಮಣೆಯಲ್ಲೇ ಉಳಿಯಿತು ಗೊತ್ತಾಗಲ್ಲ. ಮೇಲಾಗಿ ಅವ್ವನ ಕೈಯಲ್ಲಿ ಎಲ್ಲವೂ ಒಂದೇ ಅಳತೆ ಬರಬೇಕು ಅಂತ ಕೇಳುವ ಧೈರ್ಯ ಯಾರಿಗಿದೆ? ತಕ್ಕಡಿ ಇನ್ನೊಂದು ಗೋಳು. ಒಂದು ಗ್ರಾಂ ನಿಖರ ಅಂತ ಮಾರಿದ್ದು, ಬಿಸಿ ತಟ್ಟೆ ಇಟ್ಟರೆ ಪಂಚಮಿ ಜೋಕಾಲಿಯಂತೆ ತೂಗಾಡುತ್ತದೆ. ಮಾರಿದವನಿಗೆ ಫೋನ್ ಮಾಡಿದರೆ ಪ್ರತಿ ಸಲ ಒಂದೇ ಉತ್ತರ, ‘ಸೆಲ್ ಬದಲಿಸಿ ಸರ್.’

ದಾರಿ ತೋರಿಸಿದ್ದು ಖಡಕ್ ರೊಟ್ಟಿ. ಅದರಲ್ಲಿ ನೀರು ಹೆಚ್ಚುಕಡಿಮೆ ಇಲ್ಲವೇ ಇಲ್ಲ, ಹಾಗಾಗಿ ಅದರ ತೂಕವೇ ಹಿಟ್ಟಿನ ತೂಕ, ಒಂದೆರಡು ಗ್ರಾಂ ಆಚೀಚೆ. ಹಾಗಿದ್ದರೆ ಮೆತ್ತನೆ ರೊಟ್ಟಿಯನ್ನೇ ಖಡಕ್ ಮಾಡಿದರಾಯಿತು ಅಲ್ವಾ? ಆರಿದ ರೊಟ್ಟಿ 80 ಗ್ರಾಂ ಇತ್ತು. ಸಣ್ಣ ಉರಿಯಲ್ಲಿ ಹಂಚಿನ ಮೇಲೆ, ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿದೆ. ಉಳಿದದ್ದು 52. ಬೇರೆ ದಿನದ ರೊಟ್ಟಿಗಳೂ ಅದರ ಹತ್ತಿರವೇ ನಿಂತವು. ಹಿಟ್ಟಿನಲ್ಲೂ ಒಂದಿಷ್ಟು ತೇವ ಇರುತ್ತದೆ, ಅದನ್ನು ಸೇರಿಸಿದರೆ 55 ಗ್ರಾಂ ಹಿಟ್ಟು. ಶೀಟಿನಲ್ಲಿ 110 ಅಂತ ಇದ್ದ ರೊಟ್ಟಿ 180 ದಾಟಿತು! ದಿನಕ್ಕೆ ಐದಾರು ರೊಟ್ಟಿ ಇಳಿಸುವವನ 400 ಎಲ್ಲಿ ಹೋಯಿತು ಅಂತ ಇನ್ನು ಹುಡುಕಬೇಕಿಲ್ಲ. ಒಳ್ಳೆ ಸುದ್ದಿಯೂ ಇದೆ: ಒಂದರಲ್ಲಿ ಐದೂವರೆ ಗ್ರಾಂ ಪ್ರೋಟೀನ್. ಸೀಲ್ ಹರಿದ ವೇ ಪ್ರೋಟೀನ್ ಪುಡಿಯ ಡಬ್ಬಿ ಕಳಿಸಿ ಸುಮ್ನಾದವನಿಗೆ ಮುಂದಿನ ಆರ್ಡರ್ ಇಲ್ಲ.

ಪೇಟೆಯ ಖಡಕ್ ಪ್ಯಾಕೆಟ್ ತರುವವರು ಮೇಲೆ ಬರೆದ ತೂಕ ನಂಬಬೇಡಿ, ತೂಗಿ ನೋಡಿ. ನಾನು ತಂದದ್ದರಲ್ಲಿ ಅರ್ಧ ಪುಡಿಯೇ ಇತ್ತು.

ಇದರ ನಡುವೆ ಇನ್ನೊಂದು ಹುಚ್ಚು ಹತ್ತಿದೆ. ಉದ್ದ ಓಟದ ನಡುವೆ ಶಕ್ತಿಗೆ ಅಂತ ತಿನ್ನುವ ಸಿಹಿ ಜೆಲ್ ಕೊಂಡು ಕೊಂಡು ಸಾಕಾಗಿದೆ. ಧಾರವಾಡ ಪೇಡೆ ಹೇಗೆ ಅಂತ ಗೆಳೆಯ ಕೇಳಿದ. ಆಸೆಯೇನೋ ಆಯಿತು, ಆದರೆ ಖೋವಾದ ಕೊಬ್ಬು ಓಡುವಾಗ ಬೇಗ ಕರಗಲ್ಲ. ಹಾಗಾಗಿ ಬೆಲ್ಲ, ನಿಂಬೆ, ಚಿಟಿಕೆ ಉಪ್ಪಿನ ಪಾನಕ ಒಂದು ಕಡೆ, ಜೆಲ್ ಇನ್ನೊಂದು ಕಡೆ, ಯಾವುದರಲ್ಲಿ ಓಟ ಚೆನ್ನಾಗಿ ಆಗುತ್ತದೆ ನೋಡುವುದು. ಯಾವ ಭಾನುವಾರ ಯಾವುದು ಅಂತ ನಾಣ್ಯ ಚಿಮ್ಮಿ ನಿರ್ಧಾರ, ಇಲ್ಲದಿದ್ದರೆ ಓಟ ಹಗುರಾಗುವ ಚಳಿ ದಿನವೆಲ್ಲ ಪಾನಕಕ್ಕೇ ಹೋಗುತ್ತದೆ.

ಅದಕ್ಕೂ ಮೊದಲು ಬದನೆ ಎಣ್ಣೆಗಾಯಿ ಬಾಕಿ ಇದೆ. ಗ್ರಾಂ ಎಣ್ಣೆಗೆ 9 ಕ್ಯಾಲೊರಿ, ಒಳಗೆ ಶೇಂಗಾ ಬೇರೆ. ಎಣ್ಣೆ ಡಬ್ಬಿಯನ್ನು ಅಡುಗೆಗೆ ಮುಂಚೆ, ಆಮೇಲೆ ತೂಗಲು ಅವ್ವ ಒಪ್ಪಿದ್ದಾಳೆ. ತಟ್ಟೆಯಲ್ಲಿ ಉಳಿಯುವ ಎಣ್ಣೆಯನ್ನು ಲೆಕ್ಕದಿಂದ ಹೇಗೆ ಕಳೆಯುವುದು, ಯಾರಾದರೂ ಮಾಡಿದ್ದರೆ ಹೇಳಿ.